ಮಳೆ ಬಂದರೆ ಹೋಗುವವರು

ಎಂಬತ್ತರ ದಶಕದ ನಡುವೆ ಮಳೆ ಕೈಕೊಟ್ಟ ವರ್ಷಗಳಲ್ಲಿ ನಾನು ವಿಜಯನಗರ ಬಡಾವಣೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಬೇಸಿಗೆ ರಜೆಯಲ್ಲಿ ಮತದಾರರ ಪಟ್ಟಿ ಬರೆಯುವ ಕೆಲಸ ನಮ್ಮ ತಲೆಗೇ ಬೀಳುತ್ತಿತ್ತು. ಮಧ್ಯಾಹ್ನ ಛತ್ರಿ ಹಿಡಿದು, ಪುಸ್ತಕ ಎದೆಗವಚಿಕೊಂಡು ಬೀದಿ ಬೀದಿ ಅಲೆಯುತ್ತಿದ್ದೆ. ಹೊಂಗೆ ಹೂವು ಉದುರಿ ರಸ್ತೆಯೆಲ್ಲ ಮಾಸಲು ಬಿಳುಪು. ಯಾವ ಮನೆಯಿಂದಲೂ ಸದ್ದಿಲ್ಲ. ನಿದ್ದೆಯಲ್ಲೇ ನಡೆಯುತ್ತಿದ್ದೇನೇನೋ ಅನ್ನಿಸುತ್ತಿತ್ತು.

ಬಡಾವಣೆಯ ಕೊನೆಯ ಖಾಲಿ ಸೈಟುಗಳಲ್ಲಿ ಒಂದಷ್ಟು ಗುಡಿಸಲುಗಳಿದ್ದವು. ಪಾವಗಡದ ಕಡೆಯಿಂದ ಬಂದ ಗಾರೆ ಕೆಲಸದವರು. ಮೊದಲ ಗುಡಿಸಲಿನ ಹೆಂಗಸಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಹೆಸರು ಹೇಳಮ್ಮ ಅಂದೆ.

“ಇಲ್ಲಿ ಬರೀಬೇಡಿ ಟೀಚರಮ್ಮ. ಇಲ್ಲಿ ಬರ್ದ್ರೆ ಊರಿನ ಪಟ್ಟೀಲಿ ಹೆಸರು ಹೊಡೆದಾಕ್ತಾರೆ. ಮಳೆ ಬಂದ್ರೆ ನಾವು ಹೊಂಟೋಗ್ತೀವಿ.”

“ಬಂದು ಎಷ್ಟು ದಿನ ಆಯ್ತು?”

“ಎರಡನೇ ವರ್ಷ. ಬಾವಿ ತಳ ಕಂಡ್ಮೇಲೆ ಬಂದ್ವಿ.”

ಆಮೇಲೆ ತಮ್ಮೂರ ಕೆರೆಯ ವಿಚಾರ ಹೇಳತೊಡಗಿದಳು. ಅದು ಕೋಡಿ ಬಿದ್ದ ವರ್ಷ ನೀರಿನ ಸದ್ದು ಕೇಳಿ ಊರಿಗೆ ಊರೇ ಏರಿಯ ಮೇಲೆ ನಿಂತಿತ್ತಂತೆ. ಕೇಳುತ್ತಾ ಕೂತ ನನಗೆ ಆ ಬಿಸಿಲಿನಲ್ಲೂ ಅಂಗಾಲು ತಣ್ಣಗಾದಂತಾಯಿತು. ಹೆಸರು ಬರೆಯದೆ ಎದ್ದೆ.

ಎದುರು ಮನೆಯ ನಿವೃತ್ತ ಗುಮಾಸ್ತರು ಗೇಟಿನ ಬಳಿ ಕಾದಿದ್ದರು. “ಅವರ ಹೆಸರು ಬರೀಬೇಡಿ ಮೇಡಂ. ನಮಗೇ ಎರಡು ದಿನಕ್ಕೊಂದ್ಸಲ ನೀರು. ಓಟು ಅಂತ ಆದ್ರೆ ಇಲ್ಲೇ ಬೇರು ಬಿಡ್ತಾರೆ.”

ಆಕೆ ಕೇಳಿಕೊಂಡದ್ದನ್ನೇ ಇವರೂ ಕೇಳುತ್ತಿದ್ದರು. ಯಾಕೋ ಅದರಿಂದಲೇ ನನಗೆ ಕಸಿವಿಸಿಯಾಯಿತು.

ಮಾರನೇ ವರ್ಷ ಮಳೆ ಬಂತು. ಆಕೆಯ ಗುಡಿಸಲು ಖಾಲಿಯಾಯಿತು. ಎರಡು ತಿಂಗಳಿಗೆಲ್ಲ ಆಕೆ ಮಗಳ ಕೈ ಹಿಡಿದುಕೊಂಡು ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

“ಮಳೆ ಬಂತು ಟೀಚರಮ್ಮ, ಜನ ಬರ್ಲಿಲ್ಲ. ನಮ್ಮ ಬೀದೀಲಿ ಎಲ್ಲಾ ಮನೆಗೂ ಬೀಗ. ಕೆರೆ ಅರ್ಧ ತುಂಬಿತ್ತು. ನೋಡೋಕೆ ನಾನೂ ನಮ್ಮೆಜಮಾನ್ರೂ ಇಬ್ರೇ.” ಮಗಳನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟಳು. “ಮುಂದಿನ ವರ್ಷ ಮಳೆ ಬರುತ್ತೋ ಇಲ್ವೋ. ಇವಳನ್ನ ಸೇರಿಸ್ಕೊಳ್ಳಿ. ನನ್ನ ಹೆಸರೂ ಇಲ್ಲೇ ಬರ್ಕೊಳ್ಳಿ.”

ಪಟ್ಟಿ ತಿದ್ದುವ ಸರದಿ ಬಂದಾಗ ಬರೆದೆ. ಎಲ್ಲೋ ದೂರದ ಪಟ್ಟಿಯಲ್ಲಿ ಅದೇ ಹೆಸರಿನ ಮೇಲೆ ನಾನೇ ಗೆರೆ ಎಳೆಯುತ್ತಿದ್ದೇನೆ ಅನ್ನಿಸಿ ಕೈ ನಿಧಾನವಾಯಿತು.

ಚುನಾವಣೆ ನಮ್ಮ ಶಾಲೆಯಲ್ಲೇ ನಡೆಯಿತು. ಆಕೆಯೂ ಗುಮಾಸ್ತರೂ ಒಂದೇ ಹೊತ್ತಿಗೆ ಓಟು ಹಾಕಿ ಹೊರಗೆ ಬಂದರು. ಅವರು ಮೆಲ್ಲಗೆ ಕೇಳಿದರು, “ಯಾರಿಗಮ್ಮ ಹಾಕ್ದೆ?”

“ನಲ್ಲಿ ಹಾಕಿಸ್ತೀನಿ ಅಂದೋರಿಗೆ ಸ್ವಾಮಿ.”

ಗುಮಾಸ್ತರು ಬೆರಳಿನ ಶಾಯಿ ನೋಡಿಕೊಂಡರು. “ನಾನೂ ಅವನಿಗೇ,” ಅಂದು, ಮೊದಲ ಸಲ ಆಕೆಯ ಜೊತೆ ನಡೆಯುತ್ತಾ ಹೋದರು. ನಲ್ಲಿ ಬಂತು, ಎರಡು ವರ್ಷ ತಡವಾಗಿ.

ಒಂದು ದಿನ ತರಗತಿಯಲ್ಲಿ ಮಕ್ಕಳಿಗೆಲ್ಲ ನಿಮ್ಮೂರು ಯಾವುದು ಅಂತ ಕೇಳಿದೆ. ಆಕೆಯ ಮಗಳು ಎದ್ದು ನಿಂತು “ವಿಜಯನಗರ” ಅಂದಳು. ಬುತ್ತಿ ಕೊಡಲು ಬಂದಿದ್ದ ತಾಯಿ ಬಾಗಿಲಲ್ಲೇ ಇದ್ದಳು. ತಿದ್ದಲು ಬಾಯಿ ತೆರೆದವಳು ತಿದ್ದದೆಯೇ ಬುತ್ತಿಯನ್ನು ನನ್ನ ಕೈಗಿಟ್ಟಳು.