ಟೆರೇಸ್ ಮೇಲಿನ ಅಂಕೋರ್ ವಾಟ್

ನಾನು ಮನೆಗಳ ಪ್ಲಾನ್ ಬರೆದು ಬದುಕುವವಳು. ಜೆ.ಪಿ. ನಗರದ ಒಂದು ಸಣ್ಣ ಆಫೀಸಿನಲ್ಲಿ ಇಪ್ಪತ್ತು ವರ್ಷಗಳಿಂದ ಇದೇ ಕೆಲಸ. ಸೈಟು ಪಶ್ಚಿಮಕ್ಕೆ ಮುಖ ಮಾಡಿದೆ ಅಂದರೆ ಸಾಕು, ಗಿರಾಕಿಗಳ ಮುಖ ಸಪ್ಪಗಾಗುತ್ತದೆ. "ಮೇಡಂ, ಬಾಗ್ಲು ಒಂಚೂರು ಈ ಕಡೆ ತಿರುಗ್ಸಕ್ಕೆ ಆಗಲ್ವಾ?" ಅನ್ನುತ್ತಾರೆ, ರಸ್ತೆ ಹಾಕಿಸಿದವಳು ನಾನೇ ಅನ್ನುವ ಹಾಗೆ. ಅಂಥವರಿಗೆ ನನ್ನ ಹತ್ತಿರ ಒಂದು ರೆಡಿ ಉತ್ತರ ಇದೆ. ಕಾಂಬೋಡಿಯಾದಲ್ಲಿ ವಿಷ್ಣುವಿಗೆ ಅಂತ ಒಂದು ದೇವಸ್ಥಾನ ಕಟ್ಟಿದ್ದಾರೆ ಸಾರ್, ಅಷ್ಟು ದೊಡ್ಡದು ಪ್ರಪಂಚದಲ್ಲೇ ಇಲ್ಲ, ಅದರ ಬಾಗಿಲು ಪಶ್ಚಿಮಕ್ಕೇ! ಇದು ಅಪ್ಪನಿಂದ ಕಲಿತ ಮಾತು.

ಅಪ್ಪ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ರಿಟೈರ್ ಆದ ಮೇಲೆ ಜಯನಗರ ಫೋರ್ತ್ ಬ್ಲಾಕಿನ ಫುಟ್‌ಪಾತಿನಲ್ಲಿ ಹಳೇ ಪತ್ರಿಕೆಯೊಂದು ಸಿಕ್ಕಿತಂತೆ, ಅದರಲ್ಲಿ ಅಂಕೋರ್ ವಾಟ್‌ನ ನಕ್ಷೆ ಇತ್ತು. ಅದನ್ನು ನೋಡಿಕೊಂಡು ದೊಡ್ಡ ಹಾಳೆಯ ಮೇಲೆ ಇಂಕಿನಲ್ಲಿ ತಿಂಗಳುಗಟ್ಟಲೆ ಕೂತು ಬರೆದರು. ಸುತ್ತ ನೀರಿನ ಕಂದಕ, ಅದನ್ನು ದಾಟುವ ಉದ್ದನೆಯ ಕಲ್ಲುಹಾದಿ, ಒಂದರೊಳಗೊಂದು ಮೂರು ಮೊಗಸಾಲೆ, ನಡುವೆ ಮೇರುಪರ್ವತದ ಐದು ಶಿಖರ. ನಮ್ಮ ಕುಮಾರಸ್ವಾಮಿ ಲೇಔಟಿನ ಮನೆಯ ಹಾಲ್‌ನಲ್ಲಿ ಅದನ್ನು ತೂಗುಹಾಕಿದರು. ಬಂದವರು ಕಾಫಿ ಮುಗಿಸುವ ಮೊದಲೇ ಅಪ್ಪನ ಪ್ರಶ್ನೆ ಬರುತ್ತಿತ್ತು: "ನಮ್ ಬೇಲೂರು ಕಟ್ಟಿದ ಕಾಲದಲ್ಲೇ ಕಟ್ಟಿರೋದು ಇದು. ಎಲ್ಲಾ ಸರಿ, ಬಾಗ್ಲು ಯಾಕೆ ಪಶ್ಚಿಮಕ್ಕೆ ಇಟ್ರು?" ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದ ಕೆಳಗೆ ಅಪ್ಪ ಆ ಪ್ರಶ್ನೆಯನ್ನು ಹಾಗೇ ಬಿಟ್ಟು ಹೋದರು.

ನಮ್ಮ ಕಡೆ ಹೆಂಗಸರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗುವುದಿಲ್ಲ. ವ್ಯಾನ್ ಹೊರಟಾಗ ಅಮ್ಮ ನಾನೂ ಬರ್ತೀನಿ ಅಂದಳು. ಯಾರೋ ಗೇಟಿನ ಹತ್ತಿರವೇ ಅವಳ ರಟ್ಟೆ ಹಿಡಿದು ನಿಲ್ಲಿಸಿದರು. ಗಡಿಗೆ ಹೊತ್ತು ಚಿತೆ ಸುತ್ತಿದವನು ದೊಡ್ಡಪ್ಪನ ಮಗ. ಸಾಲಾಗಿ ನಿಂತ ಕಂಟ್ರಾಕ್ಟರುಗಳ ಜೊತೆ ಒಬ್ಬಳೇ ಜಗಳ ಕಾಯುವ ನಾನು ಅವತ್ತು ಅಮ್ಮನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. "ನಲವತ್ತೆಂಟು ವರ್ಷ ಜೊತೆಗಿದ್ದೆ. ಒಂದು ಸುತ್ತು ಬರಕ್ಕೂ ಬಿಡ್ಲಿಲ್ಲ ನೋಡು" ಎಂದು ಅಮ್ಮ ಈಗಲೂ ಅನ್ನುತ್ತಾಳೆ, ಸೊಪ್ಪು ಬಿಡಿಸುವಾಗ, ಟಿವಿ ನೋಡುವಾಗ, ಹೊತ್ತುಗೊತ್ತಿಲ್ಲದೆ. ಕೇಳಿದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕಳೆದ ವರ್ಷ ಇಬ್ಬರೂ ಹೋಗಿ ಅಪ್ಪನ ದೇವಸ್ಥಾನ ನೋಡಿ ಬರೋಣ ಎಂದು ನಿಶ್ಚಯಿಸಿದೆವು. ಅಷ್ಟರಲ್ಲಿ ಅಮ್ಮನ ಮಂಡಿ ಕೈಕೊಟ್ಟಿತು. "ನೀನು ಹೋಗು. ಬಾಗ್ಲಿನ ವಿಷ್ಯ ಮಾತ್ರ ಮರೀದೆ ಕೇಳ್ಕೊಂಡ್ ಬಾ" ಎಂದು ಅಪ್ಪಣೆಯಾಯಿತು. ಹೋದೆ. ಅಬ್ಬಾ, ಏನು ಕೆಲಸ ಮಾರಾಯರೆ! ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಸಂದಿಯಲ್ಲಿ ನನ್ನ ಉಗುರು ಹೋಗಲಿಲ್ಲ. ನಮ್ಮ ಟೈಲ್ಸ್ ಮೇಸ್ತ್ರಿಗಳನ್ನು ಒಂದು ಸಲ ಕರೆತಂದು ಅದರ ಮುಂದೆ ನಿಲ್ಲಿಸಬೇಕು. ಹೊರಗಿನ ಮೊಗಸಾಲೆಯ ಗೋಡೆಗಳ ತುಂಬ ಕೆತ್ತನೆ: ಕುರುಕ್ಷೇತ್ರ, ಲಂಕೆಯ ಯುದ್ಧ, ಸಮುದ್ರಮಥನ, ಯಮನ ಸಭೆ. ಗೈಡ್ ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ, ನೂರಾರು ಫೋಟೋ ತೆಗೆದೆ.

ಮನೆಗೆ ಬಂದು ತೋರಿಸಿದರೆ ಅಮ್ಮ ಫೋನನ್ನು ಎರಡೇ ನಿಮಿಷಕ್ಕೆ ವಾಪಸ್ ಕೊಟ್ಟಳು. "ಅಂಗೈಯಗ್ಲದಲ್ಲಿ ದೇವಸ್ಥಾನ ಎಲ್ಲಿ ಕಾಣತ್ತೆ?" ನನಗೂ ಹಟ ಬಂತು, ಬಾಗಿಲಿನ ಉತ್ತರವನ್ನೂ ದೇವಸ್ಥಾನ ತೋರಿಸಿಯೇ ಹೇಳುತ್ತೇನೆ ಅಂದೆ. ಆಫೀಸಿನಲ್ಲಿ ಪ್ಲಾನ್ ಪ್ರಿಂಟ್ ಹಾಕುವ ದೊಡ್ಡ ಮೆಷಿನ್ನಿನಲ್ಲಿ ಫೋಟೋಗಳನ್ನು ಉದ್ದುದ್ದ ಪಟ್ಟಿಗಳಾಗಿ ತೆಗೆಸಿದೆ. ನಮ್ಮ ಟೆರೇಸಿನ ನಡುವೆ ಮೆಟ್ಟಿಲಿನ ಕೋಣೆ ಇದೆ, ಅದರ ನೆತ್ತಿಯ ಮೇಲೆ ನೀರಿನ ಟ್ಯಾಂಕು. ಕೋಣೆಯ ಬಾಗಿಲೂ ಪಶ್ಚಿಮಕ್ಕೇ! ಇನ್ನೇನು ಬೇಕು? ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಆ ನಾಲ್ಕು ಗೋಡೆಗಳ ಹೊರಮೈಗೆ ಅಲ್ಲಿದ್ದ ಕ್ರಮದಲ್ಲೇ ಗಮ್ ಟೇಪ್ ಹಾಕಿ ಅಂಟಿಸಿದೆ. ಬಾಗಿಲಿನ ದಕ್ಷಿಣಕ್ಕೆ ಕುರುಕ್ಷೇತ್ರ, ಉತ್ತರಕ್ಕೆ ಲಂಕೆ.

ಅಮ್ಮ ಹದಿನೆಂಟು ಮೆಟ್ಟಿಲನ್ನು ಮೂರು ಕಡೆ ಕೂತು ಹತ್ತಿ ಬಂದಳು. ಬಾಗಿಲು ದಾಟಿದವಳೇ ಗೋಡೆಯನ್ನು ಬಲಕ್ಕಿಟ್ಟುಕೊಂಡು ಲಂಕೆಯ ಕಡೆ ಹೊರಟುಬಿಟ್ಟಳು.

"ಅಮ್ಮಾ, ಆ ಕಡೆ ಅಲ್ಲ! ಈ ಕಡೆಯಿಂದ ಶುರು."

"ದೇವ್ರನ್ನ ಎಡಕ್ಕಿಟ್ಕೊಂಡು ಸುತ್ತಕ್ಕೆ ನಂಗೇನ್ ತಲೆ ಕೆಟ್ಟಿದ್ಯಾ? ಸುಮ್ನಿರೇ."

ಹೇಳಿ ಪ್ರಯೋಜನವಿರಲಿಲ್ಲ. ಅಮೃತ ಕಡೆಯುವ ದೇವರು ರಾಕ್ಷಸರನ್ನು ನೋಡಿ ಖುಷಿಪಟ್ಟಳು. ದಕ್ಷಿಣದ ಗೋಡೆಗೆ ತಿರುಗಿದಾಗ ನಿಂತಳು. ಅಲ್ಲಿ ಪಾಪಿಗಳನ್ನು ಹೊಡೆಯುವುದು ಮೊದಲು ಬಂತು, ಕೋಣದ ಮೇಲೆ ಕೂತ ಯಮ ಎಷ್ಟೋ ಆಚೆ ಬಂದ. "ಇದ್ಯಾವ ನ್ಯಾಯನೇ? ಮೊದ್ಲು ಶಿಕ್ಷೆ ಕೊಟ್ಟು ಆಮೇಲೆ ವಿಚಾರಣೆನಾ?" ಇನ್ನೂ ಮುಂದೆ ಹೋದರೆ ಗುಡಿ ಕಟ್ಟಿಸಿದ ರಾಜನ ದಂಡು. "ಅಯ್ಯೋ, ಇವ್ರೆಲ್ಲ ಆನೆ ಸಮೇತ ನಮ್ ಮೇಲೇ ನುಗ್ತಾರಲ್ಲೇ!"

"ಅದಕ್ಕೇ ಬಡ್ಕೊಂಡಿದ್ದು" ಎಂದು ರೇಗಿದೆ. "ಅದನ್ನ ಕೆತ್ತಿರೋದೇ ಎಡಕ್ಕಿಟ್ಕೊಂಡು ನೋಡಕ್ಕೆ."

"ಅಪ್ರದಕ್ಷಿಣೆನಾ? ದೇವಸ್ಥಾನದಲ್ಲಾ?"

ನಾನು ಪುಸ್ತಕ ತೆಗೆದು ಮೇಷ್ಟ್ರ ಹಾಗೆ ಓದಿದೆ. ಪಶ್ಚಿಮ ಸೂರ್ಯ ಮುಳುಗುವ ದಿಕ್ಕು. ರಾಜ ಈ ಗುಡಿಯನ್ನು ತಾನು ಸತ್ತ ಮೇಲಿನ ಕಾಲಕ್ಕೂ ಅಂತ ಕಟ್ಟಿಸಿರಬೇಕು, ಅದಕ್ಕೇ ಬಾಗಿಲು ಆ ಕಡೆ, ಕಥೆಯೂ ಅಪ್ರದಕ್ಷಿಣವಾಗಿ ಸಾಗುತ್ತದೆ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಎಲ್ಲರೂ ಒಪ್ಪಿಲ್ಲ, ವಾದ ಇನ್ನೂ ಮುಗಿದಿಲ್ಲ.

ಅಮ್ಮ ಗಾಳಿಯಲ್ಲಿ ಬೆರಳಿನಿಂದ ಒಂದು ಅಪ್ರದಕ್ಷಿಣೆ ಸುತ್ತಿ ನೋಡಿದಳು.

"ಅಂದ್ರೆ, ಸ್ಮಶಾನದಲ್ಲಿ ಸುತ್ತೋ ಹಾಗೆ."

"ಹೂಂ."

"ಗಡಿಗೆ ಹೊತ್ಕೊಂಡು."

"ಹೂಂ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಾಗಿಲು, ದಿಕ್ಕು, ಕೆತ್ತನೆ ಎಂದು ಕುಣಿದಾಡುತ್ತಿದ್ದ ನನಗೆ ಇಷ್ಟು ಹೊತ್ತು ಅದು ಹೊಳೆದೇ ಇರಲಿಲ್ಲ.

"ನಿಮ್ಮಪ್ಪಂಗೆ ಇದು ಗೊತ್ತಾಗಿದ್ರೆ ಊರಿಗೆಲ್ಲ ಹೇಳ್ಕೊಂಡ್ ಬರ್ತಿದ್ರು" ಅಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹಾಲ್‌ನಲ್ಲಿರೋ ಅವ್ರ ನಕ್ಷೆ ತಗೊಂಡ್ ಬಾ" ಅಂದಳು.

ಕೆಳಗೆ ಹೋಗಿ ತಂದೆ. ಮೆಟ್ಟಿಲಿನ ಕೋಣೆಯೊಳಗೆ, ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿಸಿ ಇಡಿಸಿದಳು. ಚಪ್ಪಲಿ ಬಿಟ್ಟಳು. ಎಡಗೈಯನ್ನು ಗೋಡೆಗೆ ಊರಿಕೊಂಡು ಈ ಸಲ ಕುರುಕ್ಷೇತ್ರದ ಕಡೆಯಿಂದ ಹೊರಟಳು. ದಂಡು ಈಗ ಅವಳ ಜೊತೆಗೇ ನಡೆಯುತ್ತಿತ್ತು. ಯಮ ಮೊದಲು ಬಂದ, ಶಿಕ್ಷೆ ಆಮೇಲೆ. ಅವಳು ಚಿತ್ರಗಳನ್ನು ನೋಡುತ್ತಿರಲಿಲ್ಲ. ಪಕ್ಕದ ಟೆರೇಸಿನ ಆಂಟಿ ಹಪ್ಪಳ ಹರವುತ್ತಿದ್ದವರು "ಏನ್ರೀ, ಉಲ್ಟಾ ಸುತ್ತಾ ಇದ್ದೀರಾ?" ಎಂದು ಕೂಗಿದರು. ಅಮ್ಮ ತಿರುಗಿ ನೋಡಲಿಲ್ಲ.

ಮಂಡಿ ನೋಯುತ್ತಿದ್ದರೂ ಎರಡು ಸುತ್ತು ಮುಗಿಸಿದಳು. ನಾನು ಬಾಗಿಲಿನ ಪಕ್ಕದಲ್ಲಿ ಪುಸ್ತಕ ಹಿಡಿದುಕೊಂಡು, ಅವತ್ತಿನ ಹಾಗೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮೂರನೆಯ ಸುತ್ತಿಗೆ ಹೊರಡುವ ಮುಂಚೆ ಅಮ್ಮ ನನ್ನ ಮುಂದೆ ನಿಂತಳು. ಉಸಿರು ಏರಿತ್ತು.

"ನೀನ್ಯಾಕೆ ಇಲ್ಲಿ ನಿಂತಿದ್ದೀಯ? ನಿನ್ನನ್ನೂ ಗೇಟ್ ಹತ್ರಾನೇ ನಿಲ್ಲಿಸಿದ್ರಲ್ಲ. ಬಾ."

ನಾನು ಪುಸ್ತಕ ಕೆಳಗಿಟ್ಟು, ಚಪ್ಪಲಿ ಬಿಟ್ಟು ಅವಳ ಹಿಂದೆ ಹೊರಟೆ.