ವಿಮಾನದ ಬಾಗಿಲಿಗೆ ಜೇವರ್ಗಿಯ ತೇಪೆ

ಗೆಳೆಯನೂ ನಾನೂ ಮನೆಯಲ್ಲೇ ಕಟ್ಟಿದ ಪುಟ್ಟ ವಿಮಾನದ ಬಾಗಿಲ ಸುತ್ತ ಗಾಳಿ ತುಂಬಿದ ರಬ್ಬರ್ ಕೊಳವೆಯೊಂದಿತ್ತು. ಅದು ಸೋರಿದರೆ ಬಾಗಿಲ ಸಂದಿಯಿಂದ ಒಳಗಿನ ಗಾಳಿ ಹೊರಹೋಗಿ, ಎತ್ತರದಲ್ಲಿ ನಮಗೆ ಉಸಿರಾಡುವುದು ಕಷ್ಟ. ಅದು ಸೋರುತ್ತಿತ್ತು. ಎಲ್ಲಿಂದ ಎಂಬುದು ತಿಂಗಳಾದರೂ ತಿಳಿಯಲಿಲ್ಲ. ಊರಿಗೆ ಹೋದಾಗ ಅದನ್ನು ಜೇವರ್ಗಿಯ ಸೈಕಲ್ ಅಂಗಡಿಗೆ ಒಯ್ದೆ. ಅಂಗಡಿಯ ಮಹಬೂಬಸಾಬರು ಕೊಳವೆಯನ್ನು ನೀರಿನ ಬೋಗುಣಿಯಲ್ಲಿ ಅದ್ದಿದರು. ತಕ್ಷಣ ಗುಳ್ಳೆ ಎದ್ದವು. ತೇಪೆ ಹಚ್ಚಿದರು.

"ಯಾವ ಗಾಡೀದ್ರಿ ಇದು?"

"ವಿಮಾನದ್ರಿ."

"ಅದರಾಗ ಯಾರು ಕೂಡ್ತಾರ್ರಿ?"

"ನಾನೇ ರೀ."

ಅವರು ಹಚ್ಚಿದ ತೇಪೆಯನ್ನು ಕಿತ್ತರು. ರಬ್ಬರನ್ನು ಮತ್ತೆ ಉಜ್ಜಿ, ಅದಕ್ಕಿಂತ ದೊಡ್ಡದೊಂದನ್ನು ಹಚ್ಚಿದರು.

"ಮ್ಯಾಲೆ ಪಂಚರ್ ಅಂಗಡಿ ಇರಂಗಿಲ್ಲಲ್ರಿ."

ಆ ಬಾಗಿಲು ಇವತ್ತಿಗೂ ಸೋರಿಲ್ಲ. ಹಾರುವಾಗಲೆಲ್ಲ ಅವರನ್ನು ನೆನೆಯುತ್ತೇನೆ. ಉಳಿದ ವಿಮಾನದ ಬಗ್ಗೆ ಅಷ್ಟು ಧೈರ್ಯವಿಲ್ಲ. ಅದನ್ನು ಕಟ್ಟಿದವರು ನಾವೇ.