ಚೂರಪ್ಪನ ಆರನೆಯ ಲೋಟ

ಚೂರಪ್ಪನಿಗೆ ಆ ಹೆಸರು ಇಟ್ಟದ್ದು ಹೆತ್ತವರಲ್ಲ, ಮ್ಯೂಸಿಯಮ್ಮಿನ ಪ್ರಯೋಗಾಲಯದವರು. ಊರಾಚೆಯ ದಿಬ್ಬ ಅಗೆದಾಗ ಸಿಕ್ಕ ಹಳೆಯ ಗಾಜಿನ ಚೂರುಗಳನ್ನು ತೊಳೆದು, ಒಣಗಿಸಿ, ಟ್ರೇಯಲ್ಲಿ ಸಾಲಾಗಿ ಜೋಡಿಸಿ, ಗಾಜಿನಲ್ಲಿ ಏನೇನು ಬೆರೆತಿದೆಯೆಂದು ಹೇಳುವ ಯಂತ್ರಕ್ಕೆ ಕೊಡುವುದು ಅವನ ಕೆಲಸ. ಇಷ್ಟು ವರ್ಷದಲ್ಲಿ ಒಂದು ಚೂರನ್ನೂ ಕೈಯಿಂದ ಬೀಳಿಸಿದವನಲ್ಲ. ಅವನು ಬೀಳಿಸಿದ್ದು ಇಡೀ ಲೋಟ, ಅದೂ ಹೆಂಡತಿಯದು.

ಆರು ಗಾಜಿನ ಲೋಟಗಳು, ಅಂಚಿಗೊಂದು ನೀಲಿ ಗೆರೆ. ಅತ್ತೆ ಹಿರಿಮಗಳಿಗೆ ಬಿಟ್ಟುಹೋದದ್ದು. "ನೋಡೋಕೆ ಇಟ್ಟಿರೋದು, ಕುಡಿಯೋಕಲ್ಲ" ಎಂದು ಹೆಂಡತಿಯ ಕಟ್ಟಪ್ಪಣೆ. ಹಾಗೆಂದ ಮೇಲೂ ಅದರಲ್ಲೇ ಟೀ ಕುಡಿಯಬೇಕು ಅನ್ನಿಸದಿದ್ದರೆ ಅವನೆಂಥ ಗಂಡ? ಒಂದು ದಿನ ಒಂದನ್ನು ಚೀಲದಲ್ಲಿ ಅಡಗಿಸಿ ಪ್ರಯೋಗಾಲಯಕ್ಕೆ ಒಯ್ದ. ಮೊದಲ ಗುಟುಕಿಗೇ ನಾಲಿಗೆ ಸುಟ್ಟು ಕೈ ಜಾರಿತು. ಒಡೆದದ್ದನ್ನೆಲ್ಲ ಗುಡಿಸಿ ಕಸಕ್ಕೆ ಹಾಕಿದ. ಒಂದು ಚೂರು ಮಾತ್ರ ಹಾರಿ ಹಳೆಯ ಗಾಜಿನ ಟ್ರೇಯಲ್ಲಿ ಕೂತದ್ದು ಅವನ ಗಮನಕ್ಕೆ ಬರಲಿಲ್ಲ.

ಮನೆಗೆ ಬಂದರೆ ಹೆಂಡತಿ ಐದು ಲೋಟಗಳ ಮುಂದೆ ನಿಂತಿದ್ದಾಳೆ. ಅಂದೇ ಅವಳ ತಂಗಿ ಬಂದು ಹೋಗಿದ್ದಳು.

"ಅವಳಿಗೆ ಮೊದಲಿಂದ್ಲೂ ಇದರ ಮೇಲೇ ಕಣ್ಣು. ಅವಳೇ ತಗೊಂಡು ಹೋಗಿದಾಳೆ, ಅಲ್ವಾ?"

ಚೂರಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ನೀರು ಕುಡಿದ. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ತಂಗಿಗೆ ಮಗು ಹುಟ್ಟಿದಾಗಲೂ ಅಕ್ಕ ನೋಡಲು ಹೋಗಲಿಲ್ಲ. ಹೋಗದೆ, ಅಡುಗೆಮನೆಯಲ್ಲಿ ಕೂತು ಅತ್ತಳು.

ವರ್ಷ ಕಳೆದ ಮೇಲೆ ಯಂತ್ರದ ಫಲಿತಾಂಶ ಬಂತು. ಪ್ರಯೋಗಾಲಯ ನಡೆಸುವ ವಿಜ್ಞಾನಿ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಹಿಂದಿನ ಕಾಲದಲ್ಲಿ ಗಾಜಿನ ಹಸಿರು ಛಾಯೆ ಕಳೆಯಲು ಒಂದು ಕಡೆಯವರು ಆಂಟಿಮನಿ ಹಾಕುತ್ತಿದ್ದರು, ಇನ್ನೊಂದು ಕಡೆಯವರು ಮ್ಯಾಂಗನೀಸ್. ನೀಲಿ ಗೆರೆಯ ಒಂದು ಚೂರಿನಲ್ಲಿ ಎರಡೂ ಇದ್ದವು. ಎಂದರೆ ಆ ಕಾಲದಲ್ಲೇ ಯಾರೋ ಎರಡು ಕಡೆಯ ಒಡಕು ಗಾಜನ್ನು ಕೂಡಿಸಿ ಮತ್ತೆ ಕರಗಿಸಿದ್ದಾರೆ. ಆ ಚೂರಿಗೆ ಪ್ರತ್ಯೇಕ ಪೆಟ್ಟಿಗೆ, ದೀಪ, ಒಬ್ಬ ಕಾವಲುಗಾರ, ಎಲ್ಲವೂ ಬಂತು. ಚೂರಪ್ಪ ಇಣುಕಿ ನೋಡಿದ. ಹೆಂಡತಿಯ ಲೋಟದ ಅಂಚಿನದೇ ನೀಲಿ ಗೆರೆ.

ಕೆಲವು ದಿನ ನುಂಗಿಕೊಂಡ. ಆದರೆ ಹೆಂಡತಿ ಅಳುವ ಮನೆಯಿಂದ ಹೊರಟು, ದೀಪದಡಿ ಮೆರೆಯುವ ಲೋಟದ ಚೂರಿನ ಮುಂದೆ ಹಾದು ಕೆಲಸಕ್ಕೆ ಕೂರುವುದು ಅವನಿಂದ ಆಗಲಿಲ್ಲ.

"ಮೇಡಂ, ಅದು ನಮ್ಮನೆ ಲೋಟ. ಟೀ ಕುಡಿಯೋವಾಗ ನಾನೇ ಒಡೆದಿದ್ದು."

"ಯಂತ್ರ ಸುಳ್ಳು ಹೇಳಲ್ಲ. ಆ ಲೋಟ ಎಲ್ಲಿ ತಗೊಂಡಿದ್ರಿ?"

"ನಮ್ಮತ್ತೆ ತಗೊಂಡಿದ್ದು. ದಿಬ್ಬದ ಕೆಳಗೆ ಒಂದು ಗಾಜಿನ ಕುಲುಮೆ ಇತ್ತಂತೆ. ಕುಲುಮೆಯವನು ದಿಬ್ಬದಲ್ಲಿ ಸಿಕ್ಕಿದ ಗಾಜನ್ನೆಲ್ಲ ಆರಿಸಿ ತಂದು ಕರಗಿಸ್ತಿದ್ದನಂತೆ."

ಮೇಡಂ ಸಿಟ್ಟಾಗುವ ಬದಲು ಹಿಗ್ಗಿಹೋದರು. "ಹಾಗಾದ್ರೆ ಗಾಜು ಹಳೇದೇ, ಲೋಟ ಮಾತ್ರ ಹೊಸದು. ಇನ್ನೂ ಎಷ್ಟಿವೆ?" ಎಂದವರೇ ಲೋಟ ಸುತ್ತಿ ತರಲು ಹತ್ತಿಯ ಸುರುಳಿ ಹಿಡಿದು ಅವನ ಮನೆಗೆ ಹೊರಟರು.

ಹೆಂಡತಿ ಎಲ್ಲ ಕೇಳಿಸಿಕೊಂಡಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಚಪ್ಪಲಿ ಮೆಟ್ಟಿ ನೇರ ತಂಗಿಯ ಮನೆಗೆ ಹೋದಳು.

ಮರುದಿನ ಅಕ್ಕತಂಗಿಯರು ಆ ಪೆಟ್ಟಿಗೆಯ ಮುಂದೆ ನಿಂತಿದ್ದರು. ತಂಗಿಯ ಕಂಕುಳಲ್ಲಿ ಮಗು. ಮೇಡಂ ಹೊಸದಾಗಿ ಬರೆಸಿದ ಫಲಕವನ್ನು ತಂಗಿ ಓದಿದಳು: "ಎರಡು ನಾಡುಗಳ ಪ್ರಾಚೀನ ಗಾಜು. ದಿಬ್ಬದ ಕೆಳಗಿನ ಕುಲುಮೆಯಲ್ಲಿ ಕರಗಿ ಲೋಟವಾದದ್ದು." ಆಮೇಲೆ ಉಗುರಿನಷ್ಟಿದ್ದ ಚೂರನ್ನು ನೋಡಿದಳು.

"ಅಕ್ಕಾ, ನಾನು ಕದ್ದಿದ್ದು ಇಷ್ಟೇನಾ?"

ಅಕ್ಕ ಕೈ ಚಾಚಿದಳು. ಮಗುವನ್ನು ಎತ್ತಿಕೊಂಡು ಮೇಡಂ ಕಡೆ ತಿರುಗಿದಳು.

"ಉಳಿದ ಐದೂ ನಿಮಗೇ ಇರ್ಲಿ. ಆದ್ರೆ ಗಾಜು ಎಲ್ಲಿಂದ ಬಂತು, ಎಲ್ಲಿ ಕರಗ್ತು, ಎಲ್ಲ ಬರೆದಿದೀರಿ. ಒಡೆದಿದ್ದು ಯಾರು ಅಂತ ಯಾಕೆ ಬರೆದಿಲ್ಲ?"

ಮೇಡಂ ಯೋಚಿಸಿದರು. ವಸ್ತುವಿನ ಚರಿತ್ರೆ ಅರ್ಧಕ್ಕೆ ನಿಲ್ಲುವುದು ಅವರಿಗೂ ಸರಿಬರಲಿಲ್ಲ.

ಈಗ ಆ ಫಲಕದ ಧೂಳು ಒರೆಸುವ ಕೆಲಸವೂ ಚೂರಪ್ಪನದೇ. ದಿನಾ ಬೆಳಿಗ್ಗೆ ಒರೆಸುತ್ತಾನೆ, ಕೊನೆಯ ಸಾಲನ್ನು ಸ್ವಲ್ಪ ಜೋರಾಗಿಯೇ ಉಜ್ಜುತ್ತಾನೆ. ಅದು ಅಳಿಸಿಹೋಗುವುದಿಲ್ಲ: "ಒಡೆದವರು: ಇದೇ ಪ್ರಯೋಗಾಲಯದ ಸಹಾಯಕ. ತಂಗಿ ತೆಗೆದುಕೊಂಡಿಲ್ಲ."